ಡಾನ್ ಬಾಸ್ಕೊ ನಾಡಿನ ದ್ರಾಕ್ಷಿತೋಟದ ಮನೆಯಲ್ಲಿ

ಅತಿಥಿಯಿಂದ ಹಣ ಪಡೆದ ಮೇಲೆ ಅದು ಆತಿಥ್ಯವೋ ವ್ಯಾಪಾರವೋ ಎಂಬ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ನಮ್ಮ ಕುಟುಂಬಗಳವರು ಗುರುಗಳ ಮುಂದೆ ಇಡುವುದುಂಟು. ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಬೆಂಗಳೂರಿಗೋ ಹೋಗಿ, ದೊಡ್ಡ ಹಂಚಿನ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿರುತ್ತಾರೆ. ಖಾಲಿ ಬಿದ್ದ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡಬಹುದೇ, ಬಿಟ್ಟರೆ ಮನೆಯ ಮರ್ಯಾದೆ, ಸಂಜೆಯ ಜಪಸರ, ಭಾನುವಾರದ ಬಲಿಪೂಜೆ ಇವುಗಳ ಗತಿಯೇನು ಎಂಬ ಅಳುಕು ಅವರದು. ಕೊಡಗು, ಚಿಕ್ಕಮಗಳೂರುಗಳಲ್ಲಿ ಹೋಂ ಸ್ಟೇಗಳು ಹಬ್ಬಿರುವ ರೀತಿಯನ್ನು ಕಂಡವರಿಗೆ ಈ ಅಳುಕು ಸಹಜವಾದುದೇ. 2025ರ ಜೂಬಿಲಿ ವರ್ಷದಲ್ಲಿ ರೋಮಿನ ಯಾತ್ರೆಯನ್ನು ಮುಗಿಸಿ, ಸೆಪ್ಟೆಂಬರ್ ತಿಂಗಳಲ್ಲಿ ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದ ಒಂದು ಕೃಷಿಕ ಕುಟುಂಬದ ಅತಿಥಿಗೃಹದಲ್ಲಿ ನಾನು ಐದು ದಿನ ತಂಗಿದ್ದೆ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ಓದುಗರ ಮುಂದಿಡುತ್ತೇನೆ.

ತೊರೀನೊ ನಗರದಿಂದ ಪೂರ್ವಕ್ಕೆ ಸಾಗಿದರೆ ಆಸ್ತಿ ಜಿಲ್ಲೆಯ ಗುಡ್ಡಗಳು ಆರಂಭವಾಗುತ್ತವೆ. ಈ ಗುಡ್ಡಗಳ ಹೆಸರು ನಮ್ಮವರಿಗೆ ಅಪರಿಚಿತವಿರಬಹುದು; ಇಲ್ಲಿ ಹುಟ್ಟಿದವರ ಹೆಸರು ಮಾತ್ರ ಮನೆಮನೆಗೂ ಗೊತ್ತು. ಸಂತ ಡಾನ್ ಬಾಸ್ಕೊ 1815ರ ಆಗಸ್ಟ್ 16ರಂದು ಜನಿಸಿದ್ದು ಇಲ್ಲಿಯ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ಅದು ಸೇರಿದ ಕಾಸ್ತೆಲ್‌ನುವೊವೊ ದಾಸ್ತಿ ಎಂಬ ಊರನ್ನು 1930ರಲ್ಲಿ ಅವರ ಹೆಸರಿನಿಂದಲೇ ಕಾಸ್ತೆಲ್‌ನುವೊವೊ ಡಾನ್ ಬಾಸ್ಕೊ ಎಂದು ಕರೆಯಲಾಯಿತು. ಎರಡು ವರ್ಷ ತುಂಬುವುದರೊಳಗೆ ತಂದೆಯನ್ನು ಕಳೆದುಕೊಂಡ ಈ ಬಾಲಕ 1828ರಲ್ಲಿ, ಹನ್ನೆರಡರ ಹರೆಯದಲ್ಲಿ, ಹತ್ತಿರದ ಮೊಲಿಯಾ ಎಂಬ ಒಕ್ಕಲು ಕುಟುಂಬದಲ್ಲಿ ಆಳಾಗಿ ನಿಂತು ಹಟ್ಟಿಯಲ್ಲಿಯೂ ತೋಟದಲ್ಲಿಯೂ ದುಡಿದ. ಅಲ್ಲಿಂದ ಇನ್ನಷ್ಟು ಪೂರ್ವಕ್ಕೆ ಪೊರ್ತಕೊಮಾರೊ ಎಂಬ ಊರಿದೆ. ದಿವಂಗತ ಪೋಪ್ ಫ್ರಾನ್ಸಿಸರ ತಂದೆಯ ವಂಶದವರು ಆ ಊರಿನ ಕೃಷಿಕರು. 1929ರಲ್ಲಿ ಆ ಕುಟುಂಬ ಹಡಗು ಹತ್ತಿ ಅರ್ಜೆಂಟೀನಕ್ಕೆ ವಲಸೆ ಹೋಯಿತು. 2022ರ ನವೆಂಬರಿನಲ್ಲಿ ತಮ್ಮ ಸೋದರಸಂಬಂಧಿಯ ತೊಂಬತ್ತನೇ ಹುಟ್ಟುಹಬ್ಬಕ್ಕೆಂದು ಪೋಪ್ ಅಲ್ಲಿಗೆ ಬಂದಿದ್ದರು. ಈ ಪ್ರದೇಶದ ದ್ರಾಕ್ಷಿತೋಟಗಳ ಗುಡ್ಡಗಳನ್ನು, ನೆರೆಯ ಲಾಂಗೆ ಮತ್ತು ರೊಯೆರೊ ಗುಡ್ಡಗಳೊಡನೆ, 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬ ಸಂತನನ್ನೂ ಒಬ್ಬ ಜಗದ್ಗುರುವಿನ ಪೂರ್ವಜರನ್ನೂ ಹೊಟ್ಟೆತುಂಬ ಉಣಿಸಲಾರದೆ ಹೊರಗೆ ಕಳುಹಿಸಿದ ಮಣ್ಣು ಈಗ ಪ್ರವಾಸಿಗರು ಕಾಸು ಕೊಟ್ಟು ನೋಡುವ ಮಣ್ಣಾಗಿದೆ.

ಇಟಲಿಯಲ್ಲಿ ಇಂಥ ಮನೆಗಳಿಗೆ ‘ಅಗ್ರಿತುರಿಸ್ಮೊ’ ಎನ್ನುತ್ತಾರೆ. ಇದಕ್ಕಾಗಿ 1985ರಲ್ಲಿ ಒಂದು ರಾಷ್ಟ್ರೀಯ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2006ರ 96ನೇ ಸಂಖ್ಯೆಯ ಕಾಯಿದೆ ಬಂದಿದೆ. ಈ ಕಾಯಿದೆಯ ತಿರುಳು ಬಹು ಅರ್ಥವತ್ತಾದುದು: ಅತಿಥಿಗಳನ್ನು ಇಟ್ಟುಕೊಳ್ಳುವವನು ಮೊದಲು ಕೃಷಿಕನಾಗಿರಬೇಕು, ಬೇಸಾಯವೇ ಪ್ರಧಾನ ಕಸುಬಾಗಿ ಉಳಿಯಬೇಕು, ಆತಿಥ್ಯ ಅದಕ್ಕೆ ಪೂರಕವಾಗಿರಬೇಕು. ಹತ್ತು ಮಂದಿಗಿಂತ ಹೆಚ್ಚು ಅತಿಥಿಗಳಿಲ್ಲದ ಮನೆಯಲ್ಲಿ ಬೇಸಾಯವೇ ಪ್ರಧಾನವೆಂದು ಕಾಯಿದೆ ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಬೇಸಾಯ ಬಿಟ್ಟವನು ಹೋಟೆಲು ನಡೆಸಬಹುದು, ಆದರೆ ಈ ಹೆಸರಿನಲ್ಲಿ ನಡೆಸುವಂತಿಲ್ಲ. ಇಂದು ಆ ದೇಶದಲ್ಲಿ ಇಂಥ ಮನೆಗಳ ಸಂಖ್ಯೆ ಇಪ್ಪತ್ತೈದು ಸಾವಿರವನ್ನು ಮೀರಿದೆ. ನಮ್ಮ ಕಡೆ ಭೂಮಿಯನ್ನು ಮಾರಿ ಕೋಣೆ ಕಟ್ಟುವ ಉತ್ಸಾಹಿಗಳು ಈ ಒಂದು ಅಂಶವನ್ನು ಗಮನಿಸಿದರೆ ಸಾಕು.

ನಾನು ತಂಗಿದ್ದ ಮನೆಯಲ್ಲಿ ಮೂರೇ ಕೋಣೆಗಳು. ಎಂಬತ್ತನಾಲ್ಕು ವಯಸ್ಸಿನ ಅಜ್ಜಿ, ಅವರ ಮಗ, ಸೊಸೆ, ಮೊಮ್ಮಗಳು ಇಷ್ಟೇ ಜನ ಆ ಮನೆಯನ್ನೂ ಆರು ಹೆಕ್ಟೇರು ದ್ರಾಕ್ಷಿಯನ್ನೂ ನೋಡಿಕೊಳ್ಳುತ್ತಾರೆ. ಮೊಮ್ಮಗ ತೊರೀನೊದಲ್ಲಿ ಉದ್ಯೋಗಿ. ನನಗೆ ಕೊಟ್ಟ ಕೋಣೆ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಅಟ್ಟವಂತೆ. ಗೋಡೆಯ ದಪ್ಪ ಎರಡು ಮೊಳಕ್ಕೆ ಕಡಿಮೆಯಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಹವಾನಿಯಂತ್ರಣ ಯಂತ್ರವನ್ನು ಅವರು ಹಾಕಿಲ್ಲ, ಹಾಕುವ ಅಗತ್ಯವೂ ಕಾಣಲಿಲ್ಲ. ಹುಲ್ಲಿನ ಕೊಟ್ಟಿಗೆಯ ಮಾಡಿನ ಮೇಲೆ ಸೌರಫಲಕಗಳು. ಮಾಡಿನಿಂದ ಇಳಿದ ಮಳೆನೀರು ಅಂಗಳದ ಕೆಳಗಿನ ಹಳೆಯ ತೊಟ್ಟಿಗೆ ಸೇರಿ, ಅಲ್ಲಿಂದ ತರಕಾರಿ ಪಾತಿಗೆ ಹೋಗುತ್ತದೆ. ಚಳಿಗಾಲದಲ್ಲಿ ಸವರಿದ ಬಳ್ಳಿಯ ಕಡ್ಡಿಗಳನ್ನು ಕಟ್ಟು ಕಟ್ಟಿ ಒಣಗಿಸಿಟ್ಟು ಒಲೆಗೆ ಬಳಸುತ್ತಾರೆ. ದ್ರಾಕ್ಷಿ ಸಾಲುಗಳ ನಡುವೆ ಶರತ್ಕಾಲದಲ್ಲಿ ಅವರೆ ಜಾತಿಯ ಕಾಳುಗಳನ್ನು ಬಿತ್ತಿ ವಸಂತದಲ್ಲಿ ಮಣ್ಣಿಗೇ ಸೇರಿಸುತ್ತಾರೆ. ನಮ್ಮ ಗದ್ದೆಗಳಿಗೆ ಹಿರಿಯರು ಹಸಿರುಗೊಬ್ಬರ ಹಾಕುತ್ತಿದ್ದುದರ ತತ್ತ್ವವೇ ಇದು. ಹಾಸಿಗೆಯ ಹೊದಿಕೆಯನ್ನು ದಿನವೂ ಬದಲಿಸುವುದಿಲ್ಲ ಎಂದು ಬಾಗಿಲ ಹಿಂದೆ ಚೀಟಿ ಅಂಟಿಸಿಲ್ಲ. ಕೇಳಿದರೆ ಮಾತ್ರ ಬದಲಿಸುತ್ತಾರೆ, ಅಷ್ಟೇ.

‘ಸುಸ್ಥಿರ’ ಎಂಬ ಶಬ್ದ 1987ರ ಬ್ರುಂಟ್ಲಂಡ್ ಆಯೋಗದ ವರದಿಯಿಂದ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂದು, ಈಗ ಸಾಬೂನಿನ ಹೊದಿಕೆಯ ಮೇಲೂ ಕಾಣಿಸಿಕೊಳ್ಳುವಷ್ಟು ಸವೆದುಹೋಗಿದೆ. ಆ ಅಜ್ಜಿಗೆ ಈ ಶಬ್ದದ ಹಂಗಿಲ್ಲ. ಅವರ ತಂದೆ ಗೇಣಿ ಒಕ್ಕಲಾಗಿದ್ದವರು, ಬೆಳೆದುದರಲ್ಲಿ ಅರ್ಧ ಧಣಿಗೆ. ಪ್ರತಿ ವರ್ಷ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಂದು ಒಪ್ಪಂದ ಮುಗಿಯುತ್ತಿದ್ದುದರಿಂದ, ಆ ನಾಡಿನಲ್ಲಿ ‘ಸಂತ ಮಾರ್ಟಿನ್ ಮಾಡುವುದು’ ಎಂದರೆ ಗಂಟುಮೂಟೆ ಕಟ್ಟಿಕೊಂಡು ಮನೆ ಬದಲಿಸುವುದು ಎಂದೇ ಅರ್ಥ. ಬಾಲ್ಯದಲ್ಲಿ ಮೂರು ಬಾರಿ ಹಾಗೆ ಗಾಡಿ ಹತ್ತಿದ್ದನ್ನು ಅವರು ಹೇಳಿದರು. ಹೊಸದಾಗಿ ಇಂಥ ಅರೆಪಾಲಿನ ಗೇಣಿ ಒಪ್ಪಂದ ಮಾಡಿಕೊಳ್ಳುವುದನ್ನು ಇಟಲಿ 1964ರಲ್ಲಿ ನಿಷೇಧಿಸಿತು. ನಮ್ಮಲ್ಲಿ 1974ರ ಭೂಸುಧಾರಣೆಯಿಂದ ಭೂಮಿ ಪಡೆದ ಕುಟುಂಬಗಳ ಹಿರಿಯರಿಗೆ ಈ ಮಾತು ವಿವರಿಸಬೇಕಾಗಿಲ್ಲ. ತನ್ನದಲ್ಲದ ಮಣ್ಣಿನಲ್ಲಿ ಗೇದವರಿಗೆ ಮಣ್ಣನ್ನು ಮುಂದಿನವರಿಗೆ ಉಳಿಸುವುದು ಸಿದ್ಧಾಂತವಲ್ಲ, ಸಿಕ್ಕಿದ್ದನ್ನು ಕಳೆದುಕೊಳ್ಳಬಾರದೆಂಬ ಎಚ್ಚರ.

ಎರಡನೆಯ ದಿನ ಕೊಟ್ಟಿಗೆಯ ಮೂಲೆಯಲ್ಲಿ ನೀಲಿ ಹರಳಿನ ಚೀಲವನ್ನು ಕಂಡು ನನಗೆ ನಗು ಬಂದಿತು. ಅದು ನಮ್ಮ ಮೈಲುತುತ್ತು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ನಮ್ಮವರು ಬಿಡುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅಲ್ಲಿಯ ಬೆಳೆಗಾರರು ಮೈಲುತುತ್ತು, ಸುಣ್ಣ ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲದಿದ್ದುದನ್ನು ಗಮನಿಸಿದ ಪ್ರಾಧ್ಯಾಪಕ ಮಿಲಾರ್ದೆ 1885ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್, ಅದನ್ನು ಮಲೆನಾಡಿನ ಅಡಿಕೆಗೆ ಅಳವಡಿಸಿದರು. ಇದನ್ನು ಕೇಳಿದ ಮನೆಯ ಯಜಮಾನ ಅಡಿಕೆ ಮರದ ಎತ್ತರವೆಷ್ಟು, ಅದರ ಮೇಲೇರಿ ಮದ್ದು ಬಿಡುವವರು ಯಾರು ಎಂದು ಅರ್ಧ ಗಂಟೆ ಕೇಳಿದ. ಆದರೆ ತಾಮ್ರವೂ ಮಣ್ಣಿನಲ್ಲಿ ಕರಗದೆ ಉಳಿಯುವ ವಸ್ತು. ಆದುದರಿಂದ 2019ರಿಂದ ಐರೋಪ್ಯ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವೆಂದು ಮಿತಿ ಹಾಕಿದೆ. ಸಾವಯವ ಬೆಳೆಗಾರರಿಗೂ ಇದರಿಂದ ವಿನಾಯಿತಿಯಿಲ್ಲ. ಮಳೆ ಹೆಚ್ಚಾದ ವರ್ಷ ಎಷ್ಟು ಬಿಟ್ಟೆವೆಂದು ಅವರು ಗ್ರಾಂ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ ತೋಟಗಳಲ್ಲಿ ಇಂಥ ಲೆಕ್ಕ ಇಡುವವರು ಎಷ್ಟು ಮಂದಿ?

ಊಟವೆಲ್ಲ ಒಂದೇ ಉದ್ದನೆಯ ಮೇಜಿನಲ್ಲಿ. ಅತಿಥಿಗಳಿಗೆ ಬೇರೆ, ಮನೆಯವರಿಗೆ ಬೇರೆ ಎಂಬುದಿಲ್ಲ. ಬೆಳಿಗ್ಗೆ ಬ್ರೆಡ್ಡು, ಮನೆಯ ಹಣ್ಣಿನ ಜ್ಯಾಮು, ಹೇಸಲ್ ಬೀಜದ ಕೇಕು, ಹಾಲು ಬೆರೆಸಿದ ಕಾಫಿ. ರಾತ್ರಿ ಒಂದು ದಿನ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಮಾಡಿದ್ದರು. ರಾಗಿಮುದ್ದೆ ಉಂಡು ಬೆಳೆದವನಿಗೆ ಅದನ್ನು ಹೇಗೆ ತಿನ್ನಬೇಕೆಂದು ಯಾರೂ ಕಲಿಸಬೇಕಾಗಲಿಲ್ಲ. ಊಟಕ್ಕೆ ಮೊದಲು ಅಜ್ಜಿ ಶಿಲುಬೆಯ ಗುರುತು ಹಾಕುತ್ತಾರೆ. ಮೇಜಿನಲ್ಲಿದ್ದ ಜರ್ಮನ್ ದಂಪತಿಗಳು ಯಾವ ಧರ್ಮವನ್ನೂ ಆಚರಿಸದವರು. ಆದರೂ ಅಷ್ಟು ಹೊತ್ತು ಚಮಚ ಕೆಳಗಿಟ್ಟು ಸುಮ್ಮನಿದ್ದರು. ಅತಿಥಿಗಳಿಗೆ ಮುಜುಗರವಾದೀತೆಂದು ಪ್ರಾರ್ಥನೆಯನ್ನು ಅಡುಗೆಮನೆಗೆ ಸಾಗಿಸುವ ಯೋಚನೆ ಆ ಮನೆಯವರಿಗೆ ಬಂದಂತಿಲ್ಲ.

ಇನ್ನು ದ್ರಾಕ್ಷಾರಸದ ಮಾತು. ಕುಡಿತದಿಂದ ಹಾಳಾದ ಸಂಸಾರಗಳನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಕಾಣುವ ನಮ್ಮಂಥವರು ಈ ವಿಷಯವನ್ನು ಹಗುರವಾಗಿ ಎತ್ತುವಂತಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ನಿರಪಾಯಕಾರಿಯೆಂದು ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ; ದ್ರಾಕ್ಷಿ ಬೆಳೆಗಾರನ ಮೇಜಿನಲ್ಲಿ ಕುಳಿತರೂ ಅದು ಸುಳ್ಳಾಗುವುದಿಲ್ಲ. ಆ ಮನೆಯಲ್ಲಿ ಊಟದೊಡನೆ ಒಂದು ಲೋಟ, ಊಟ ಮುಗಿದರೆ ಸೀಸೆಗೆ ಬಿರಡೆ. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 40ನೇ ಅಧ್ಯಾಯದಲ್ಲಿ ಸನ್ಯಾಸಿಗಳಿಗೆ ದ್ರಾಕ್ಷಾರಸವೇ ಬೇಡವೆಂಬ ಆದರ್ಶವನ್ನು ನೆನೆದು, ತಮ್ಮ ಕಾಲದವರನ್ನು ಅದಕ್ಕೆ ಒಪ್ಪಿಸಲಾಗದೆಂದು ಅರಿತು, ದಿನಕ್ಕೆ ಒಂದು ಅಳತೆಯನ್ನು ಗೊತ್ತುಮಾಡಿದರು. ಮಿತಿಯೆಂಬುದು ಇಲ್ಲಿ ಮನುಷ್ಯನ ದೌರ್ಬಲ್ಯವನ್ನು ಬಲ್ಲವರ ಮಾತು.

ಬಲಿಪೂಜೆಯ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ಕಟ್ಟಳೆ ಕಟ್ಟುನಿಟ್ಟಾದುದು. ಅದು ದ್ರಾಕ್ಷಿಯ ಹಣ್ಣಿನಿಂದಲೇ ಆದ, ಸಹಜವಾದ, ಕೆಡದ ರಸವಾಗಿರಬೇಕೆಂದು 1983ರ ಧರ್ಮಸಭಾ ಸಂಹಿತೆಯ 924ನೇ ನಿಯಮ ವಿಧಿಸುತ್ತದೆ. ಕಲಬೆರಕೆ ಮಾಡಿದ ರಸ ಏನು ಮಾಡಬಲ್ಲುದೆಂಬುದನ್ನು ಈ ನಾಡು 1986ರಲ್ಲಿ ಕಂಡಿತು. ಆ ವರ್ಷ ಕೆಲವು ವ್ಯಾಪಾರಿಗಳು ಅಗ್ಗದ ದ್ರಾಕ್ಷಾರಸದ ಕಾವು ಹೆಚ್ಚಿಸಲು ಮಿಥೈಲ್ ಆಲ್ಕೊಹಾಲ್ ಬೆರೆಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ಸೀಸೆಗಳ ಮೇಲೆ ಇದ್ದ ಹೆಸರು ಬಾರ್ಬೆರಾ, ಈ ಗುಡ್ಡಗಳ ಬಡವರ ದ್ರಾಕ್ಷಿ. ತಪ್ಪು ಮಾಡದ ಸಾವಿರಾರು ಬೆಳೆಗಾರರ ಮಾಲನ್ನು ಆ ವರ್ಷ ಕೇಳುವವರಿರಲಿಲ್ಲ. ಮನೆಬಾಗಿಲಿಗೆ ಬಂದು ತೋಟ, ನೆಲಮಾಳಿಗೆ ಎಲ್ಲವನ್ನೂ ಕಣ್ಣಾರೆ ನೋಡಿ ಕೊಳ್ಳುವ ಗಿರಾಕಿ ಬೇಕೆಂದು ಆಗಲೇ ತಮ್ಮ ಯಜಮಾನರಿಗೆ ಹೊಳೆಯಿತೆಂದು ಅಜ್ಜಿ ಹೇಳಿದರು. ಕೋಣೆಗಳು ಆಮೇಲೆ ಬಂದವು. ಆ ಮನೆಯ ಆತಿಥ್ಯದ ಬೇರು ಪ್ರವಾಸೋದ್ಯಮದಲ್ಲಿ ಇಲ್ಲ, ಕಳೆದುಹೋದ ನಂಬಿಕೆಯನ್ನು ಮರಳಿ ಗಳಿಸುವ ಹಂಬಲದಲ್ಲಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಅರಿಸ್ಟಾಟಲನ ‘ರಾಜನೀತಿ’ ಗ್ರಂಥದ ಮೊದಲ ಭಾಗ ನೆನಪಿರುತ್ತದೆ. ಅಲ್ಲಿ ಅವನು ಮನೆವಾರ್ತೆಯನ್ನೂ ಹಣಗಳಿಕೆಯನ್ನೂ ಬೇರ್ಪಡಿಸುತ್ತಾನೆ. ಮನೆವಾರ್ತೆಗೆ ಒಂದು ಗುರಿಯಿದೆ, ಅದು ಮನೆಯವರ ಸುಬಾಳು. ಗುರಿಯಿರುವುದರಿಂದ ಮಿತಿಯೂ ಇದೆ. ಹಣಕ್ಕಾಗಿ ಹಣ ಗಳಿಸುವುದಕ್ಕೆ ಇಂತಿಷ್ಟು ಸಾಕೆಂಬ ಎಲ್ಲೆಯೇ ಇಲ್ಲ. ಹೀಗಿರುವಾಗ ಪ್ರಶ್ನೆಯನ್ನು ಹಣ ಪಡೆದರೋ ಇಲ್ಲವೋ ಎಂದು ಕೇಳುವುದಕ್ಕಿಂತ, ಪಡೆಯುವ ಹಣ ಮನೆಯನ್ನು ಸಲಹುತ್ತದೆಯೋ ಅಥವಾ ಮನೆಯೇ ಹಣವನ್ನು ಸಲಹಲು ನಿಂತಿದೆಯೋ ಎಂದು ಕೇಳುವುದು ಸರಿ. ಮಮ್ರೆಯ ಮರಗಳ ಕೆಳಗೆ ಅಬ್ರಹಾಮನು ಮೂವರು ಅಪರಿಚಿತರನ್ನು ಸತ್ಕರಿಸಿದಾಗ ಕಾಸು ಕೇಳಲಿಲ್ಲ ನಿಜ. ಆದರೆ ಅವನಿಗೆ ಮಂದೆಗಳಿದ್ದವು. ಟ್ರ್ಯಾಕ್ಟರಿನ ಸಾಲದ ಕಂತು ಕಟ್ಟಬೇಕಾದ ಕುಟುಂಬದಿಂದ ನಾವು ಅಬ್ರಹಾಮನ ಧಾರಾಳವನ್ನು ನಿರೀಕ್ಷಿಸುವುದು ಅನ್ಯಾಯ. ಆಲಿಕಲ್ಲು ಬಿದ್ದು ಅರ್ಧ ಬೆಳೆ ಹೋದ ವರ್ಷ ಆ ಮೂರು ಕೋಣೆಗಳೇ ನಮ್ಮನ್ನು ದಡ ಮುಟ್ಟಿಸಿದವು ಎಂದು ಸೊಸೆ ಲೆಕ್ಕದ ಪುಸ್ತಕ ತೆರೆದು ತೋರಿಸಿದಳು. ಅತಿಥಿಗಳು ಹೆಚ್ಚಾದರೆ ಇನ್ನೆರಡು ಕೋಣೆ ಕಟ್ಟಬಹುದಲ್ಲವೇ ಎಂದು ನಾನು ಕೇಳಿದೆ. “ಆಗ ತೋಟಕ್ಕೆ ಹೋಗುವವರು ಯಾರು, ಡಾನ್?” ಎಂದಳು. ಅಲ್ಲಿ ಗುರುಗಳನ್ನು ‘ಡಾನ್’ ಎಂದೇ ಕರೆಯುತ್ತಾರೆ. ಡಾನ್ ಬಾಸ್ಕೊ ಎಂಬ ಹೆಸರಿನ ಮೊದಲ ಅರ್ಧ ಇದೇ.

ಎಲ್ಲವೂ ಚಂದವೆಂದು ಬರೆದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಕೊಯ್ಲಿನ ದಿನಗಳಲ್ಲಿ ತೋಟಕ್ಕೆ ಬಂದವರು ಮನೆಯವರಷ್ಟೇ ಅಲ್ಲ. ಈ ಸೀಮೆಯ ದ್ರಾಕ್ಷಿಯನ್ನು ದಶಕಗಳಿಂದ ಕೊಯ್ಯುತ್ತಿರುವವರಲ್ಲಿ ಬಹಳ ಮಂದಿ ಮೆಸಿಡೋನಿಯದಿಂದಲೂ ಪೂರ್ವ ಯೂರೋಪಿನಿಂದಲೂ ಆಫ್ರಿಕದಿಂದಲೂ ಬಂದವರು. ಮೇಸ್ತ್ರಿಗಳ ಮೂಲಕ ಕಡಿಮೆ ಕೂಲಿಗೆ ಇವರನ್ನು ದುಡಿಸುವ ಪಿಡುಗು ಇಟಲಿಯಲ್ಲಿ ಎಷ್ಟು ಬೇರೂರಿದೆಯೆಂದರೆ ಅದರ ವಿರುದ್ಧ 2016ರಲ್ಲಿ ವಿಶೇಷ ಕಾಯಿದೆಯನ್ನೇ ತರಬೇಕಾಯಿತು. 2024ರ ಜೂನ್ ತಿಂಗಳಲ್ಲಿ ರೋಮಿನ ದಕ್ಷಿಣಕ್ಕಿರುವ ಲಾತೀನಾ ಪ್ರದೇಶದ ಹೊಲದಲ್ಲಿ ಯಂತ್ರಕ್ಕೆ ಸಿಕ್ಕಿ ತೋಳು ಕಳೆದುಕೊಂಡ ನಮ್ಮ ದೇಶದ ಕೂಲಿಗಾರ ಸತ್ನಾಮ್ ಸಿಂಗ್‌ನನ್ನು ಆಸ್ಪತ್ರೆಗೆ ಸೇರಿಸದೆ ಅವನ ಮನೆಯ ಬಳಿ ಬಿಟ್ಟುಹೋದರು. ಎರಡು ದಿನಗಳಲ್ಲಿ ಅವನು ಸತ್ತ. ಮಣ್ಣಿಗೆ ವಿಷ ಹಾಕುವುದಿಲ್ಲವೆಂಬ ಮುದ್ರೆ ಸೀಸೆಯ ಮೇಲಿರುತ್ತದೆ. ಕೊಯ್ದವನಿಗೆ ಕೂಲಿ ಸಂದಿತೇ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ನಾನು ಕೇಳಿಯೇಬಿಟ್ಟೆ. ತಮ್ಮ ತೋಟಕ್ಕೆ ಹದಿನೈದು ವರ್ಷಗಳಿಂದ ಬರುವ ಒಂದೇ ಕುಟುಂಬದ ಐವರ ಹೆಸರು ನೋಂದಾಯಿಸಿದ ಪತ್ರಗಳನ್ನು ಯಜಮಾನ ತೋರಿಸಿದ. ಆ ಐವರೂ ಮಧ್ಯಾಹ್ನ ಅದೇ ಉದ್ದನೆಯ ಮೇಜಿನಲ್ಲಿ ಉಂಡರು. ಶುಭಸಂದೇಶದ ದ್ರಾಕ್ಷಿತೋಟದ ಯಜಮಾನ ಸಂಜೆ ಬಂದವನಿಗೂ ಪೂರ್ತಿ ದಿನಗೂಲಿ ಕೊಟ್ಟದ್ದನ್ನು ಕುರಿತು ನಾವು ವರ್ಷವರ್ಷವೂ ಪ್ರವಚನ ಮಾಡುತ್ತೇವೆ. ಪ್ರವಾಸಿಯಾಗಿ ಹೋದಾಗ ಕೂಲಿಯ ಪ್ರಶ್ನೆಯನ್ನು ಕೇಳುವ ಹಕ್ಕೂ ನಮಗಿದೆ ಎಂದು ಅಲ್ಲಿ ಅನಿಸಿತು.

ಭಾನುವಾರದ ಸಂಗತಿ ಅಷ್ಟು ಸಮಾಧಾನಕರವಲ್ಲ. ಹೊರಡುವ ಅತಿಥಿಗಳು ಹೊರಡುವುದೂ ಅಂದೇ ಬೆಳಿಗ್ಗೆ. ಅಜ್ಜಿ ಮಾತ್ರ ನನ್ನೊಡನೆ ಚರ್ಚಿಗೆ ಬಂದರು. ಸೊಸೆಯೂ ಮೊಮ್ಮಗಳೂ ಕೋಣೆ ಗುಡಿಸಲು ನಿಂತರು. ಆ ಚರ್ಚಿನ ಗುರುಗಳಿಗೆ ನಾಲ್ಕು ಊರುಗಳ ಹೊಣೆ. ಆದುದರಿಂದ ಪೂಜೆ ಅಲ್ಲಿ ಪ್ರತಿ ಭಾನುವಾರವೂ ಇಲ್ಲ. ಇಟಲಿಯ ಹಲವು ಧರ್ಮಕೇಂದ್ರಗಳನ್ನು ಈಗ ನಮ್ಮ ದೇಶದಿಂದ ಹೋದ ಗುರುಗಳೇ ನಡೆಸುತ್ತಿದ್ದಾರೆ. ಅಂದು ಪೂಜೆಯಲ್ಲಿ ನಾನು ಎಣಿಸಿದ್ದು ಇಪ್ಪತ್ತಮೂರು ತಲೆಗಳನ್ನು, ಅವುಗಳಲ್ಲಿ ಹೆಚ್ಚಿನವು ನರೆತವು. ಅತಿಥಿಗಳನ್ನು ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂದು ಬೆನೆಡಿಕ್ಟರ ನಿಯಮಾವಳಿಯ 53ನೇ ಅಧ್ಯಾಯ ಹೇಳುತ್ತದೆ. ಆದರೆ ಅದೇ ಅಧ್ಯಾಯದಲ್ಲಿ, ಬಂದ ಅತಿಥಿಯೊಡನೆ ಮೊದಲು ಪ್ರಾರ್ಥಿಸಬೇಕೆಂದೂ ಇದೆ. ಕೋಣೆ ತೆರವು ಮಾಡುವ ವೇಳೆಯನ್ನು ಎರಡು ಗಂಟೆ ಮುಂದೂಡಿದರೆ ಯಾವ ಅತಿಥಿಯೂ ಬೇಸರಪಡುವುದಿಲ್ಲವೆಂದು ನಾನು ಸೊಸೆಗೆ ಹೇಳಿದೆ. ಯೋಚಿಸುತ್ತೇನೆ ಎಂದಳು.

ಆ ಮನೆಯ ನಿಜವಾದ ಸಂಕಟ ಬೇರೆ. ಇಪ್ಪತ್ತನಾಲ್ಕರ ಮೊಮ್ಮಗಳು ಕೃಷಿವಿದ್ಯೆ ಕಲಿತು ತೋಟದಲ್ಲಿ ಉಳಿಯಲು ಮನಸ್ಸು ಮಾಡಿದ್ದಾಳೆ. ಅಣ್ಣನಿಗೆ ತೋಟ ಬೇಡ. ಆದರೆ ಪಾಲು ಬೇಕು. ತಂದೆಯ ಆಸ್ತಿಯಲ್ಲಿ ಪ್ರತಿಯೊಬ್ಬ ಮಗುವಿಗೂ ಇಂತಿಷ್ಟು ಸಲ್ಲಲೇಬೇಕೆಂದು ಇಟಲಿಯ ಕಾನೂನು ವಿಧಿಸುತ್ತದೆ. ಬರೋಲೊದಂಥ ಹೆಸರುವಾಸಿ ಊರುಗಳಲ್ಲಿ ದ್ರಾಕ್ಷಿಭೂಮಿಯ ಬೆಲೆ ಹೆಕ್ಟೇರಿಗೆ ಹತ್ತು ಲಕ್ಷ ಯೂರೋವನ್ನು ದಾಟಿದೆ. ಇಲ್ಲಿ ಅದರ ಹತ್ತಿರಕ್ಕೂ ಬಾರದು, ಆದರೂ ತಂಗಿ ಅಣ್ಣನಿಗೆ ಕೊಡಬೇಕಾದ ಮೊತ್ತ ಮೂರು ಕೋಣೆಗಳ ಬಾಡಿಗೆಯಿಂದ ಹುಟ್ಟುವಂಥದಲ್ಲ. ಈ ನಡುವೆ ಹೊರಗಿನ ಹಣವಂತನೊಬ್ಬ ಬಂದು, ಮನೆಯನ್ನೂ ಗುಡ್ಡವನ್ನೂ ಒಟ್ಟಿಗೆ ಕೊಂಡು, ಈಜುಕೊಳವಿರುವ ವಿಹಾರಧಾಮ ಕಟ್ಟುವೆನೆಂದು ಬೆಲೆ ಹೇಳಿಹೋಗಿದ್ದಾನೆ. ಅರಸ ಆಹಾಬನಿಗೆ ನಾಬೋತನು ತನ್ನ ದ್ರಾಕ್ಷಿತೋಟವನ್ನು ಮಾರಲೊಲ್ಲದೆ ಹೋದ ಕಥೆಯನ್ನು ಓದುಗರು ಬಲ್ಲರು. ಅದು ಪಿತೃಗಳಿಂದ ಬಂದ ಸ್ವತ್ತೆಂಬುದೊಂದೇ ನಾಬೋತನ ಕಾರಣ. ಅರಸ ಹೇಳಿದ ಬೆಲೆ ಕಡಿಮೆಯಾಗಿರಲಿಲ್ಲ. ನಾಬೋತನಿಗೆ ಪಾಲು ಕೇಳುವ ಮಗನಿದ್ದನೇ ಎಂಬುದನ್ನು ಗ್ರಂಥ ಹೇಳುವುದಿಲ್ಲ. ಇದ್ದಿದ್ದರೆ ಆಹಾಬನಿಗೆ ಈಜೆಬೆಲಳ ಸಹಾಯ ಬೇಕಾಗುತ್ತಿರಲಿಲ್ಲವೇನೋ.

ಅಣ್ಣನನ್ನು ದುರಾಸೆಯವನೆಂದು ತಳ್ಳಿಹಾಕುವುದು ಸುಲಭ. ಕೊನೆಯ ಸಂಜೆ ಅವನೂ ಬಂದಿದ್ದ. ಎರಡು ಮಕ್ಕಳ ತಂದೆ, ನಗರದಲ್ಲಿ ಬಾಡಿಗೆ ಮನೆ. ತನ್ನ ಮಕ್ಕಳಿಗೂ ಒಂದು ಸೂರು ಬೇಕಲ್ಲವೇ ಎಂದ. ಪಕ್ಕದ ಗುಡ್ಡವನ್ನು ಕೈತೋರಿಸಿದ. ಅಲ್ಲಿಯ ಮಾಲಿಕರು ಐವತ್ತು ಅರುವತ್ತರ ದಶಕಗಳಲ್ಲಿ ತೊರೀನೊದ ಫಿಯಟ್ ಕಾರ್ಖಾನೆಗೆ ಹೋದವರು. ತೋಟ ಕಾಡಾಗಿ, ಕಾಡು ಬಳ್ಳಿಗಳಲ್ಲಿ ‘ಹಳದಿ ರೋಗ’ ಹರಡುವ ಜಿಗಿಹುಳು ಬೆಳೆದು, ಅದು ಬೇಲಿ ದಾಟಿ ಇವರ ಬಳ್ಳಿಗಳಿಗೂ ಬರುತ್ತಿದೆ. ಅಜ್ಜಿ ಏನೂ ಮಾತಾಡದೆ ಹೇಸಲ್ ಬೀಜ ಒಡೆಯುತ್ತ ಕುಳಿತಿದ್ದರು. ತಂಗಿ ಕಂತಿನಲ್ಲಿ ಕೊಡುವ ಮಾತಾಡಿದಳು. ನಮ್ಮ ಎಷ್ಟು ಮನೆಗಳಲ್ಲಿ ಪಾಲುಪಟ್ಟಿಯ ಇದೇ ಸಂಭಾಷಣೆ, ತೆಂಗು ಅಡಿಕೆಗಳ ಹೆಸರಿನಲ್ಲಿ, ಇದೇ ದನಿಯಲ್ಲಿ ನಡೆದಿಲ್ಲ! ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಮಾನ ಮನೆಯೆಂದು ಕರೆದರು. ಮನೆಯೆಂದ ಮೇಲೆ ಪಾಲಿನ ಜಗಳ ಇದ್ದೇ ಇರುತ್ತದೆ, ಅದನ್ನು ಯಾವ ಪರಿಪತ್ರವೂ ಬಗೆಹರಿಸಲಾರದು. ನಾನು ಹೊರಡುವಾಗ ಅದು ಬಗೆಹರಿದಿರಲಿಲ್ಲ. ಆದರೂ ತಂದೆ ಮಗಳು ಸೇರಿ ಮುಂದಿನ ವಸಂತದಲ್ಲಿ ನಾನೂರು ಹೊಸ ಬಳ್ಳಿ ನೆಡಲು ಗುಣಿ ಗುರುತು ಮಾಡಿದ್ದರು. ನೆಟ್ಟ ಬಳ್ಳಿ ಫಲ ಕೊಡಲು ಮೂರು ವರ್ಷ ಬೇಕು.

ಡಾನ್ ಬಾಸ್ಕೊ ಕ್ಷೇತ್ರಕ್ಕೆ ಯಾತ್ರೆ ಹೋಗುವ ನಮ್ಮ ಕುಟುಂಬಗಳು ತೊರೀನೊದ ಹೋಟೆಲಿನ ಬದಲು ಇಂಥ ಮನೆಯಲ್ಲಿ ಎರಡು ರಾತ್ರಿ ಕಳೆಯಬಹುದು. ತೊರೀನೊದಿಂದ ಆಸ್ತಿಗೆ ರೈಲಿದೆ. ಅಲ್ಲಿಂದ ಗುಡ್ಡದ ಊರುಗಳಿಗೆ ಬಸ್ಸುಗಳು ವಿರಳ, ಆದುದರಿಂದ ಮನೆಯವರು ನಿಲ್ದಾಣಕ್ಕೆ ಬರುವರೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು. ಚಳಿಗಾಲದಲ್ಲಿ ಹಲವು ಮನೆಗಳು ಮುಚ್ಚಿರುತ್ತವೆ. ಕೊಯ್ಲಿನ ಕಾಲದಲ್ಲಿ ಹೋದರೆ ಬುಟ್ಟಿ ಹಿಡಿಯಲು ಮಕ್ಕಳನ್ನು ಕರೆದಾರು. ಬಳ್ಳಿಯ ಕತ್ತರಿ ಬಹಳ ಹರಿತ, ಚಿಕ್ಕವರ ಕೈಗೆ ಕೊಡಬೇಡಿ.